ರಾಜಕುಮಾರಿಯ ಕೆನ್ನೆಯ ಮೇಲೆ ಬಿಳಿ ಗುಳ್ಳೆ

ಮೂರು ಹಿಡಿ ತೌಡಿದ್ದರೂ ಸಾಕು, ಅದನ್ನೇ ತಿಂದುಕೊಂಡಿರು, ಮನೆಅಳಿಯನಾಗಿ ಮಾತ್ರ ಹೋಗಬೇಡ ಎಂದು ನೀಗಾತಾ ಬೆಟ್ಟದ ಹಿರಿಯರು ಹೇಳುತ್ತಾರೆ. ತೊಕುಜಿಗೆ ಈ ಗಾದೆ ಚೆನ್ನಾಗಿ ಗೊತ್ತಿತ್ತು. ಪೇಟೆಯಲ್ಲಿ ಅವನ ಅಪ್ಪನದು ಸೋಬಾ ಶಾವಿಗೆಯ ಅಂಗಡಿ, ತೌಡಿಗೇನೂ ಬರವಿರಲಿಲ್ಲ. ಆದರೆ ಅಂಗಡಿ ಅಣ್ಣನಿಗೆ, ತಮ್ಮನಿಗೆ ದಾರಿ ಎಂಬುದು ಅಲ್ಲಿಯ ರೂಢಿ. ಆ ದಾರಿ ಅವನನ್ನು ಮುಕೈಜಾವಾ ಎಂಬ ಬೆಟ್ಟದೂರಿಗೆ ಹತ್ತಿಸಿ, ಕೊಯಿ ಎಂಬ ಅಲಂಕಾರದ ಬಣ್ಣದ ಮೀನು ಸಾಕುವ ಕಾಬಾಸಾವಾ ಇವಾಕಿಚಿಯ ಒಬ್ಬಳೇ ಮಗಳು ಸುಮಿಯೆಗೆ ಒಪ್ಪಿಸಿತು. ಮದುವೆಯಾದ ದಿನ ತೊಕುಜಿ ತನ್ನ ಮನೆತನದ ಹೆಸರು ಕಳಚಿಟ್ಟು ಕಾಬಾಸಾವಾ ಆದ. ಹೆಸರು ಬಂತು, ಹಿಂದೆಯೇ ಮರ್ಯಾದೆಯೂ ಬರುತ್ತದೆ ಎಂದು ಕಾದ. ಕಾಯುತ್ತ ಕಾಯುತ್ತ ತಲೆಕೂದಲು ತೆಳ್ಳಗಾಯಿತು.

ಮಾವ ಇವಾಕಿಚಿ ಅವನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಆ ಸೋಬಾದವನನ್ನ ಕರಿ" ಎಂದು ಮಗಳಿಗೆ ಹೇಳುತ್ತಿದ್ದರು, ತೊಕುಜಿ ಪಕ್ಕದಲ್ಲೇ ನಿಂತಿದ್ದರೂ. ಇವಾಕಿಚಿ ಎಂದರೆ ಆ ಕಣಿವೆಯಲ್ಲಿ ಸಾಮಾನ್ಯರಲ್ಲ. ಬೆರಳುದ್ದದ ಮರಿಯನ್ನು ನೋಡಿ, ಇದು ಹೆಣ್ಣು, ಇದು ಗಂಡು, ಇದರ ಕೆಂಪು ನಿಲ್ಲುತ್ತದೆ, ಇದರದು ಹೋಗುತ್ತದೆ ಎಂದು ಹೇಳಿಬಿಡುವವರು. ಅವರು ಒಮ್ಮೆ ಹೇಳಿದ ಮೇಲೆ ಮೀನೂ ಎದುರಾಡುವುದಿಲ್ಲ ಎಂದು ಊರವರ ನಂಬಿಕೆ.

ಇಂಥ ಮನೆಯಲ್ಲಿ ತನಗೂ ಒಂದು ಸ್ಥಾನ ಬೇಕೆಂದು ತೊಕುಜಿ ಆ ಚಳಿಗಾಲ ಒಂದು ಸಾಹಸ ಮಾಡಿದ. ಪೇಟೆಯಲ್ಲಿ ನಡೆದ 'ಕೊಯಿ ಮೀನಿನ ರೋಗಗಳು, ಗುರುತು ಮತ್ತು ಚಿಕಿತ್ಸೆ' ಎಂಬ ಒಂದು ದಿನದ ತರಗತಿಗೆ ಹೋಗಿ, ಮಧ್ಯಾಹ್ನ ಊಟವಾದ ಮೇಲೆ ಸ್ವಲ್ಪ ತೂಕಡಿಸಿ, ಸಂಜೆ ಒಂದು ಪ್ರಮಾಣಪತ್ರ ತಂದ. ಅದಕ್ಕೆ ಚೌಕಟ್ಟು ಹಾಕಿಸಿ ಮೀನುಮನೆಯ ಗೋಡೆಗೆ ತೂಗುಹಾಕಿದ. ಮೀನುಮನೆ ಎಂದರೆ ಹಿಮಗಾಲದಲ್ಲಿ ಮೀನುಗಳನ್ನು ಇಡುವ ಚಾವಣಿಯ ಕೊಳ. ಅಂದಿನಿಂದ ಊರವರು ಅವನನ್ನು "ಡಾಕ್ಟ್ರು" ಎಂದು ಕರೆಯತೊಡಗಿದರು. ಹಾಗೆ ಕರೆದವರೆಲ್ಲ ಬಾಯಿ ಮುಚ್ಚಿ ನಗುತ್ತಿದ್ದರು. ತೊಕುಜಿ ನಗುವನ್ನು ಬಿಟ್ಟು ಪದವಿಯನ್ನು ಮಾತ್ರ ತೆಗೆದುಕೊಂಡ.

ಮೇ ತಿಂಗಳಲ್ಲಿ, ಗದ್ದೆಗೆ ನೀರು ಬಿಡುವ ಹೊತ್ತಿಗೆ, ಇವಾಕಿಚಿಯ ಸೊಂಟ ಹಿಡಿಯಿತು. ಬಿಸಿನೀರ ಬುಗ್ಗೆಯ ಊರಿಗೆ ಹೋಗಿ ನೆನೆದು ಬರುತ್ತೇನೆಂದು ಹೊರಟರು. ಹೊರಡುವ ಮುನ್ನ ತೊಕುಜಿಯನ್ನು ಹಿಮೆಯ ಮುಂದೆ ನಿಲ್ಲಿಸಿದರು.

ಹಿಮೆ ಎಂದರೆ ರಾಜಕುಮಾರಿ. ಹಾಲಿನಂಥ ಬಿಳಿ ಮೈ, ಬೆನ್ನ ಮೇಲೆ ಕೆಂಪು ಮಚ್ಚೆ, ತೋಳುದ್ದದ ಕೊಯಿ. ಮರಿಯಾಗಿದ್ದಾಗಲೇ ಇವಾಕಿಚಿ ಇದು ಹೆಣ್ಣು ಎಂದು ಸಾರಿ, ಇಷ್ಟು ವರ್ಷ ಯಾರಿಗೂ ಮಾರದೆ ಸಾಕಿದ್ದರು. ಬರುವ ಜೂನಿನಲ್ಲಿ ಅದನ್ನು ಮೊದಲ ಬಾರಿ ಮೊಟ್ಟೆಗೆ ಬಿಡುವುದು, ಊರ ಮುಖಂಡ ಮಾಗೊರೋಕು ಸಾಕಿದ ಎರಡು ಗಂಡು ಮೀನುಗಳೇ ವರರು ಎಂದು ಮಾತಾಗಿತ್ತು. ಇಬ್ಬರು ಮುದುಕರೂ ಕೂತು ಸಾಕೆ ಎಂಬ ಅಕ್ಕಿಹೆಂಡ ಕುಡಿದು ಬೀಗರಾಗಿದ್ದರು. ಅದರ ಮರಿಗಳಿಗಾಗಿ ಇಡೀ ಊರು ತಂತಮ್ಮ ಕೆಸರುಕೊಳ ಖಾಲಿ ಮಾಡಿಕೊಂಡು ಕಾದಿತ್ತು.

"ಇದರ ಒಂದು ಹುರುಪೆ ಉದುರಿದ್ರೂ ನಿಮ್ಮಪ್ಪನ ಅಂಗಡಿ ದಾರಿ ಹಿಡಿ. ಹೆಸರನ್ನ ಬಾಗಿಲ ಹತ್ರ ಬಿಚ್ಚಿಟ್ಟು ಹೋಗು" ಎಂದರು ಇವಾಕಿಚಿ.

"ಆಗ್ಲಿ ಮಾವ."

"ಸುಮಿಯೆನೂ ಇಲ್ಲೇ ಇರ್ತಾಳೆ. ನೀನೊಬ್ಬನೇ ಹೋಗೋದು."

ಮಾವನ ಟ್ಯಾಕ್ಸಿ ತಿರುವು ದಾಟಿತು. ಮರುದಿನ ಬೆಳಿಗ್ಗೆ ತೊಕುಜಿ ತೌಡಿನ ಉಂಡೆ ಹಾಕಲು ಹೋಗಿ ಬಗ್ಗಿ ನೋಡಿದ. ಹಿಮೆಯ ಎರಡೂ ಕೆನ್ನೆಯ ಮೇಲೆ ರವೆ ಚೆಲ್ಲಿದ ಹಾಗೆ ಬಿಳಿ ಗುಳ್ಳೆ. ಮುಂದಿನ ರೆಕ್ಕೆಗಳ ಮೇಲೂ ಸಾಲಾಗಿ ಗುಳ್ಳೆ. ಅವನು ಗೋಡೆಯ ಪ್ರಮಾಣಪತ್ರವನ್ನೊಮ್ಮೆ ನೋಡಿದ. ಅದರಲ್ಲಿ ಅವನ ಹೆಸರು ಬಿಟ್ಟರೆ ಬೇರೇನೂ ಬರೆದಿರಲಿಲ್ಲ. ತರಗತಿಯಲ್ಲಿ ತೂಕಡಿಸುವ ಮುಂಚೆ ಕೇಳಿದ ಒಂದೇ ರೋಗ ನೆನಪಿತ್ತು: ಬಿಳಿಚುಕ್ಕೆ ರೋಗ, ಒಂದು ಮೀನಿಗೆ ಬಂದರೆ ಕೊಳಕ್ಕೆ ಬರುತ್ತದೆ, ಕೊಳಕ್ಕೆ ಬಂದರೆ ಊರಿಗೆ ಬರುತ್ತದೆ.

ಸುಮಿಯೆ ಬಂದು ನೋಡಿದಳು. "ರೋಗದ ಮೀನು ತಿನ್ನೋದು ಬಿಡುತ್ತೆ, ಮೂಲೆ ಹಿಡಿಯುತ್ತೆ. ಇದು ನಿಮಗಿಂತ ಜಾಸ್ತಿ ತಿಂತಿದೆ."

"ಅದೇ ಈ ರೋಗದ ಮೋಸ" ಎಂದ ತೊಕುಜಿ ಗಂಭೀರವಾಗಿ. "ಒಳಗೊಳಗೇ ಇರುತ್ತೆ. ಯಾರಿಗೂ ಹೇಳ್ಬೇಡ. ಮಾವ ಬರೋದ್ರೊಳಗೆ ವಾಸಿ ಮಾಡ್ತೀನಿ."

ಯಾರಿಗೂ ಹೇಳಬೇಡ ಎಂಬ ಮಾತು ಮುಗಿಯುವುದಕ್ಕೂ, ಪಕ್ಕದ ಮನೆಯ ತೊಮೆ ಅಜ್ಜಿ ಕಾಡಿನ ಸೊಪ್ಪಿನ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಲ್ಲುವುದಕ್ಕೂ ಸರಿಹೋಯಿತು. ತೊಮೆ ಅಜ್ಜಿಗೆ ಕಿವಿ ಕೇಳುವುದಿಲ್ಲ, ಆದರೆ ಕಣ್ಣು ಗಿಡುಗನ ಕಣ್ಣು. ಬಗ್ಗಿ ನೋಡಿ, ಬುಟ್ಟಿಯನ್ನು ಅಲ್ಲೇ ಬಿಟ್ಟು, ಬಾಯಿ ಮುಚ್ಚಿಕೊಂಡು ಹೋದಳು. ಅವಳು ಬಾಯಿ ಮುಚ್ಚಿಕೊಂಡದ್ದು ತನ್ನ ಮನೆ ತಲುಪುವವರೆಗೆ ಮಾತ್ರ.

ತೊಕುಜಿ ಚಿಕಿತ್ಸೆಗೆ ನಿಂತ. ಬಿಳಿಚುಕ್ಕೆಗೆ ಮದ್ದು ಉಪ್ಪು ಮತ್ತು ಬಿಸಿ ಎಂದು ತರಗತಿಯಲ್ಲಿ ಹೇಳಿದ್ದು ನಿಜ. ಎಷ್ಟು ಉಪ್ಪು ಎಂದು ಹೇಳುವಾಗ ಅವನು ನಿದ್ದೆಯಲ್ಲಿದ್ದ. ಆದರೇನು, ಸೋಬಾ ಅಂಗಡಿಯ ಮಗ. ಹಿಮೆಯನ್ನೂ ಅದರ ಜೊತೆಗೇ ಇದ್ದ ಮೂರು ಹಳೆಯ ಹೆಣ್ಣು ಮೀನುಗಳನ್ನೂ ಒಳಗಿನ ತೊಟ್ಟಿಗೆ ಹಾಕಿ, ಒಂದೊಂದೇ ಹಿಡಿ ಉಪ್ಪು ಕದಡುತ್ತ, ಬೆರಳಿನಿಂದ ನೀರು ನೆಕ್ಕಿ ನೋಡುತ್ತ, ಅಪ್ಪನ ಅಂಗಡಿಯ ಸಾರಿನ ಅರ್ಧ ರುಚಿಗೆ ಬಂದಾಗ ನಿಲ್ಲಿಸಿದ. ಆಮೇಲೆ ಸೀಮೆಎಣ್ಣೆಯ ಬಾಯ್ಲರ್ ಹಚ್ಚಿ ನೀರನ್ನು ಬೇಸಿಗೆಯ ಮಟ್ಟಕ್ಕೆ ಬಿಸಿ ಮಾಡಿದ.

ಬೆಳಗಾದಾಗ ಗುಳ್ಳೆ ಎರಡರಷ್ಟಾಗಿದ್ದವು. ಮುಟ್ಟಿದರೆ ಕೆನ್ನೆ ಉಪ್ಪುಕಾಗದದ ಹಾಗೆ ಕೈಗೆ ತರಿತರಿ ಹತ್ತಿತು. ಅದಕ್ಕಿಂತ ಘೋರವಾದದ್ದು ಹಿಮೆಯ ನಡತೆ. ಇಷ್ಟು ದಿನ ರಾಜಕುಮಾರಿಯಂತೆ ಗಂಭೀರವಾಗಿ ಓಡಾಡುತ್ತಿದ್ದದ್ದು ಈಗ ಆ ಮೂರು ವಯಸ್ಸಾದ ಮೀನುಗಳ ಹಿಂದೆ ಬಿದ್ದು, ಅವುಗಳ ಹೊಟ್ಟೆಗೆ ಮೂತಿಯಿಂದ ತಿವಿಯುತ್ತ, ತೊಟ್ಟಿಯ ತುಂಬ ಅಟ್ಟಾಡಿಸುತ್ತಿತ್ತು.

ತೊಕುಜಿ ಪ್ರಮಾಣಪತ್ರವನ್ನು ಇನ್ನೊಮ್ಮೆ ನೋಡಿದ. "ಜ್ವರ ತಲೆಗೇರಿದೆ" ಎಂದು ಹೇಳಿ ಬಾಯ್ಲರ್ ಇನ್ನಷ್ಟು ಏರಿಸಿದ.

ಅಷ್ಟರಲ್ಲಿ ಮಾಗೊರೋಕು ಬಂದ. ಮೂಗಿಗೆ ಕರವಸ್ತ್ರ ಹಿಡಿದು, ಹೊಸ್ತಿಲು ದಾಟದೆ, ಕತ್ತು ಮಾತ್ರ ಒಳಗೆ ಚಾಚಿ ನೋಡಿದ. ಅವನು ಹುಟ್ಟಿದ್ದೇ ಕೊಳದ ದಂಡೆಯಲ್ಲಿ. ವಸಂತ ಬಂದರೆ ಗಂಡು ಕೊಯಿಯ ಕೆನ್ನೆಗೆ, ರೆಕ್ಕೆಗೆ ಇಂಥ ಬಿಳಿ ಗುಳ್ಳೆ ಏಳುತ್ತವೆ, ಪ್ರಾಯ ಬಂತೆಂದು ಅರ್ಥ, ಮೊಟ್ಟೆ ಕಾಲ ಮುಗಿದ ಮೇಲೆ ತಾವೇ ಹೋಗುತ್ತವೆ. ಇದು ಆ ಬೆಟ್ಟದಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಮಾಗೊರೋಕುವಿನ ಮನೆಯ ಇಬ್ಬರೂ ವರರ ಕೆನ್ನೆಯ ಮೇಲೆ ಆ ಹೊತ್ತಿಗೂ ಅಂಥವೇ ಗುಳ್ಳೆಗಳಿದ್ದವು. ಆದರೆ ಹಿಮೆ ಹೆಣ್ಣು. ಇವಾಕಿಚಿಯೇ ಹೇಳಿದ್ದಾರೆ. ಹೆಣ್ಣಿಗೆ ಬಂದ ಗುಳ್ಳೆ ರೋಗವಲ್ಲದೆ ಇನ್ನೇನು?

"ಎಂಥಾ ಗತಿ ಬಂತು ನಮ್ಮ ಸೊಸೆಗೆ" ಎಂದ ಮಾಗೊರೋಕು. "ತೊಕು, ನೀನು ಇವತ್ತಿಂದ ನಿಮ್ಮಂಗಳ ಬಿಟ್ಟು ಹೊರಗೆ ಕಾಲಿಡ್ಬೇಡ. ನಿನ್ನ ಬೂಟು ಕಾಲುವೆ ಹತ್ರ ಕಾಣಿಸಿದ್ರೆ ನಾನು ಮುಖಂಡ ಅಂತ ನೋಡಲ್ಲ."

ಮುಖಂಡನಾಗಿ ಅವನು ಮಾಡಬೇಕಾದ್ದನ್ನು ಕೂಡಲೇ ಮಾಡಿದ. ಊರಿನ ಜೂನ್ ತಿಂಗಳ ಮೊಟ್ಟೆ ಕೆಲಸವೆಲ್ಲ ನಿಂತಿತು. ಬಲೆ, ತೊಟ್ಟಿ, ಬಕೆಟ್ಟು ಯಾರೂ ಯಾರಿಗೂ ಕೊಡಬಾರದೆಂದಾಯಿತು. ಕಾಬಾಸಾವಾ ಮನೆಯ ಮುಂದೆ ದಾರಿಗೆ ಅಡ್ಡಲಾಗಿ ಸುಣ್ಣ ಚೆಲ್ಲಿದರು. ಆದರೆ ರೋಗಿಯನ್ನು ನೋಡಲು ಹೋಗದಿರುವುದು ಆ ಸೀಮೆಯಲ್ಲಿ ಶುದ್ಧ ಅನಾಗರಿಕತೆ. ಆದ್ದರಿಂದ ಊರವರು ಸುಣ್ಣದ ಗೆರೆಯ ಆಚೆ ಸಾಲಾಗಿ ನಿಂತು, ಬಾಗಿ ವಂದಿಸಿ, ಹಣ್ಣಿನ ಬುಟ್ಟಿಗಳನ್ನೂ ಕಾಗದ ಸುತ್ತಿದ ಕೇಕುಗಳನ್ನೂ ಉದ್ದನೆಯ ಬಲೆಕೋಲಿನ ತುದಿಗೆ ಇಟ್ಟು ಈಚೆಗೆ ನೂಕಿದರು.

ತೊಮೆ ಅಜ್ಜಿ ಮಾತ್ರ ಗೆರೆ ದಾಟಿ ಒಳಗೆ ಬಂದು, ತೊಟ್ಟಿಯ ಮುಂದೆ ಮಂಡಿಯೂರಿ ನಮಸ್ಕರಿಸಿ, ಒಂದು ಡಬ್ಬಿ ಸ್ಟ್ರಾಬೆರಿ ಇಟ್ಟಳು.

"ಮೀನು ಇದನ್ನ ತಿನ್ನಲ್ಲ ಅಜ್ಜಿ" ಎಂದು ತೊಕುಜಿ ಅವಳ ಕಿವಿಯ ಹತ್ತಿರ ಕೂಗಿದ.

"ನೀನು ತಿನ್ನು. ರೋಗಿ ನೋಡೋಕೆ ಬರಿಗೈಲಿ ಬರೋ ವಂಶ ನಂದಲ್ಲ."

ಸುಮಿಯೆ ಹಣ್ಣಿನ ಬುಟ್ಟಿಗಳ ನಡುವೆ ತಲೆ ಮೇಲೆ ಕೈಹೊತ್ತು ಕೂತಳು. "ರೋಗಿ ವಾಸಿ ಆದ್ಮೇಲೆ ಇವರಿಗೆಲ್ಲ ಮರುಗಾಣಿಕೆ ಕೊಡ್ಬೇಕು. ವಾಸಿ ಆಗ್ದಿದ್ರೆ?"

"ವಾಸಿ ಆಗ್ದಿದ್ರೆ ಕೊಡೋಕೆ ನಾನೇ ಇರಲ್ಲ" ಎಂದ ತೊಕುಜಿ. ಅಪ್ಪನ ಅಂಗಡಿಯಲ್ಲಿ ಈಗ ಅಣ್ಣನ ಮಗ ಶಾವಿಗೆ ಕತ್ತರಿಸುತ್ತಿದ್ದ. ಹಿಂದಿರುಗಿ ಹೋಗಲು ಅಲ್ಲಿ ಒಂದು ಚಾಪೆಯಗಲ ಜಾಗವೂ ಇರಲಿಲ್ಲ. ಸುಮಿಯೆಗೂ ಅದು ನೆನಪಾಯಿತೋ ಏನೋ, ಒಂದು ಸ್ಟ್ರಾಬೆರಿ ತೆಗೆದು ಅವನ ಕೈಗೆ ಕೊಟ್ಟಳು.

ಮರುದಿನ ಮೀನುಗಾರಿಕೆ ಇಲಾಖೆಯಿಂದ ಸೆಕಿಗುಚಿ ಎಂಬ ಅಧಿಕಾರಿ ಸೂಕ್ಷ್ಮದರ್ಶಕ ಹೊತ್ತುಕೊಂಡು ಬಂದ. ಓದಿದ ಯುವಕ, ಇನ್ನೂ ಬೂಟಿನ ಹೊಳಪು ಹೋಗಿರಲಿಲ್ಲ. ಹಿಮೆಯ ಮೈಯ ಲೋಳೆ ಕೆರೆದು ಗಾಜಿನ ಮೇಲೆ ಸವರಿ ನೋಡಿದ. ಇನ್ನೊಮ್ಮೆ ಕೆರೆದು ನೋಡಿದ. ಊರೆಲ್ಲ ಗೆರೆಯಾಚೆ ಕತ್ತು ಚಾಚಿ ನಿಂತಿತ್ತು.

"ಹುಳ ಇಲ್ಲ. ಬಿಳಿಚುಕ್ಕೆ ಅಲ್ಲ" ಎಂದ. "ಅದಾದ್ರೆ ಮೈಯೆಲ್ಲ ಬರ್ಬೇಕು. ಇದು ಕೆನ್ನೆ ಮತ್ತೆ ರೆಕ್ಕೆ ಮೇಲೆ ಮಾತ್ರ ಇದೆ." ಅವನು ಹಿಮೆಯ ಮೇಲೆ ಇನ್ನೊಮ್ಮೆ ಬಗ್ಗಿ ನೋಡಿದ. "ತಪ್ಪು ತಿಳ್ಕೋಬೇಡಿ. ಇದು ಹೆಣ್ಣು ಅಂತ ಹೇಳಿದ್ದು ಯಾರು?"

ಸೂರ್ಯ ಮೂಡಣದಲ್ಲಿ ಹುಟ್ಟುತ್ತಾನೆ ಎಂದು ಹೇಳಿದ್ದು ಯಾರು ಎಂದು ಕೇಳಿದಂತಾಯಿತು.

"ಇವಾಕಿಚಿಯಣ್ಣ" ಎಂದ ಮಾಗೊರೋಕು.

"ಅವರೇ ಹೇಳಿದ್ರಾ?"

"ಅವರೇ."

ಸೆಕಿಗುಚಿಯ ಮೇಲಧಿಕಾರಿ ಒಂದು ಕಾಲದಲ್ಲಿ ಇವಾಕಿಚಿಯ ಕೊಳದ ಕೆಸರು ತುಳಿದು ಕಲಿತವನು. ಯುವಕ ಗಾಜನ್ನು ಒರೆಸಿಟ್ಟ. "ಹಾಗಾದ್ರೆ ಹೆಣ್ಣೇ" ಎಂದ. ಆಮೇಲೆ ಮುಖ ಸಣ್ಣದು ಮಾಡಿಕೊಂಡು, "ಹೆಣ್ಣಾದ್ರೆ ಇದು ನಾನು ಓದಿರೋ ಯಾವ ರೋಗಾನೂ ಅಲ್ಲ. ಇದು ಹೊಸದು" ಎಂದು ಸೇರಿಸಿದ.

ಹೊಸ ರೋಗ ಎಂಬ ಮಾತು ಗೆರೆ ದಾಟಿದ್ದೇ ತಡ, ಊರಿಗೆ ಗರ ಬಡಿಯಿತು. ಒಬ್ಬ ಹೆಂಗಸು ಅಲ್ಲೇ ಕುಸಿದು ಕೂತಳು. ಇನ್ನೊಬ್ಬ ತಾನು ಕೊಟ್ಟ ಕೇಕು ವಾಪಸ್ ಬಂದರೆ ಮುಟ್ಟಬಹುದೋ ಬಾರದೋ ಎಂದು ಅಧಿಕಾರಿಯನ್ನು ಕೇಳಿದ. ಮಾಗೊರೋಕು ನೇರ ಮನೆಗೆ ಹೋಗಿ ಬಿಸಿನೀರ ಬುಗ್ಗೆಯ ಛತ್ರಕ್ಕೆ ಫೋನ್ ಮಾಡಿದ.

ಇವಾಕಿಚಿ ಛತ್ರದವರು ಕೊಟ್ಟ ಸ್ನಾನದ ನಿಲುವಂಗಿಯಲ್ಲೇ ಟ್ಯಾಕ್ಸಿ ಇಳಿದರು. ಸೊಂಟ ಇನ್ನೂ ಬಿಲ್ಲಾಗಿತ್ತು. ಸುಣ್ಣದ ಗೆರೆಯನ್ನು ಚಪ್ಪಲಿಯಿಂದ ಅಳಿಸಿ ಒಳಗೆ ನಡೆದರು. ಊರೆಲ್ಲ ಭಯ ಮರೆತು ಹಿಂದೆಯೇ ನುಗ್ಗಿತು.

"ಹಿಡಿ" ಎಂದರು.

ತೊಕುಜಿ ಹಿಮೆಯನ್ನು ನೀಲಿ ಬೋಗುಣಿಗೆ ಬಿಟ್ಟ. ಮುದುಕರು ಬಗ್ಗಿ ಕೆನ್ನೆಯ ಮೇಲೆ ಹೆಬ್ಬೆರಳು ಆಡಿಸಿದರು. ಹೆಬ್ಬೆರಳು ಅಲ್ಲೇ ನಿಂತಿತು. ಇನ್ನೊಮ್ಮೆ ಆಡಿಸಿದರು. ಆಮೇಲೆ ಮೀನನ್ನು ಮೆಲ್ಲಗೆ ಮಗುಚಿ ಹೊಟ್ಟೆಯ ಕೆಳಭಾಗವನ್ನು ಒತ್ತಿದರು. ಹಾಲಿನಂಥ ಬಿಳಿ ರಸವೊಂದು ಚಿಮ್ಮಿ ಬೋಗುಣಿಯ ನೀರಿನಲ್ಲಿ ಹರಡಿತು.

ಅದೇನೆಂದು ಅಲ್ಲಿದ್ದ ಯಾರಿಗೂ ವಿವರಿಸಿ ಹೇಳಬೇಕಾಗಿರಲಿಲ್ಲ. ಹೆಣ್ಣು ಮೀನಿನಿಂದ ಅದು ಬರುವುದಿಲ್ಲ. ರಾಜಕುಮಾರಿ ಹುಟ್ಟಿದಂದಿನಿಂದಲೂ ರಾಜಕುಮಾರನೇ. ಸೆಕಿಗುಚಿ ತನ್ನ ಹೊಳೆಯುವ ಬೂಟುಗಳನ್ನು ನೋಡಿಕೊಂಡ. ಇಷ್ಟು ವರ್ಷ ಆ ಮೀನನ್ನು ನೋಡಿ ಸೊಸೆ, ರಾಣಿ, ಲಕ್ಷಣವಂತೆ ಎಂದೆಲ್ಲ ಹೊಗಳಿದ ಊರವರು ಚಾವಣಿ ನೋಡಿದರು.

ಇವಾಕಿಚಿ ತಲೆಯೆತ್ತಲಿಲ್ಲ. ಬೋಗುಣಿಯ ನೀರಿನ ಆ ಬಿಳಿಯನ್ನು ನಿಲುವಂಗಿಯ ತೋಳಿನಿಂದ ಮರೆಮಾಡಲು ನೋಡುತ್ತಿದ್ದರು. ತೊಕುಜಿಗೆ ಅದು ಕಾಣಿಸಿತು. ಈ ಮನುಷ್ಯ ತನ್ನನ್ನು ಇಷ್ಟು ವರ್ಷ ಸೋಬಾದವನು ಎಂದು ಕರೆದದ್ದೆಲ್ಲ ಆ ಕ್ಷಣಕ್ಕೆ ಮರೆತುಹೋಯಿತು. ಅವನು ಯೋಚಿಸಿ ಮಾತಾಡುವವನಲ್ಲ. ಯೋಚಿಸಿದ್ದರೆ ಮಾತಾಡುತ್ತಲೂ ಇರಲಿಲ್ಲ.

ಒದ್ದೆ ನೆಲದ ಮೇಲೆ ದಬಕ್ಕನೆ ಮಂಡಿಯೂರಿ, ಹಣೆ ನೆಲಕ್ಕೆ ಹಚ್ಚಿದ. "ತಪ್ಪು ನಂದು ಮಾವ. ನೀವು ಬಿಟ್ಟು ಹೋದಾಗ ಹೆಣ್ಣೇ ಆಗಿತ್ತು. ನಾನು ನೀರು ಬಿಸಿ ಮಾಡಿದ್ದು ಜಾಸ್ತಿ ಆಯ್ತು. ಗಂಡಾಗಿ ಹೋಯ್ತು."

ಎಲ್ಲರಿಗಿಂತ ಮೊದಲು ಚೇತರಿಸಿಕೊಂಡವನು ಮಾಗೊರೋಕು. ಅವನೂ ಆ ಮೀನನ್ನು ಸೊಸೆಯೆಂದು ಒಪ್ಪಿ ಸಾಕೆ ಕುಡಿದವನೇ ತಾನೆ.

"ನಾನು ಆವತ್ತೇ ಅನ್ಕೊಂಡೆ" ಎಂದ. "ಬಾಗಿಲಲ್ಲಿ ನಿಂತಾಗ್ಲೇ ಮುಖಕ್ಕೆ ಬಿಸಿ ಹೊಡೀತು. ಅಷ್ಟು ಬಿಸಿಗೆ ಯಾರಾದ್ರೂ ಗಂಡಾಗ್ತಾರೆ."

"ಉಪ್ಪೂ ಜಾಸ್ತಿ ಇತ್ತು" ಎಂದಿತು ಗುಂಪಿನಿಂದ ಇನ್ನೊಂದು ದನಿ.

ಸೆಕಿಗುಚಿಗೆ ಜೀವ ಬಂತು. "ಬಿಸಿ ಜೊತೆ ಉಪ್ಪು ಸೇರಿದ್ರೆ ಏನಾಗುತ್ತೆ ಅಂತ ಇಲ್ಲೀತನಕ ಯಾರೂ ಪರೀಕ್ಷೆ ಮಾಡಿಲ್ಲ" ಎಂದು ಎಚ್ಚರಿಕೆಯಿಂದ ಹೇಳಿ, ಸೂಕ್ಷ್ಮದರ್ಶಕವನ್ನು ಪೆಟ್ಟಿಗೆಗೆ ತುಂಬತೊಡಗಿದ. ಸುಳ್ಳೇನೂ ಅಲ್ಲ.

ಇವಾಕಿಚಿ ನಿಧಾನವಾಗಿ ತಲೆಯೆತ್ತಿ ಅಳಿಯನ ತೆಳ್ಳನೆಯ ಕೂದಲನ್ನು ನೋಡಿದರು. ಒಂದು ಸಲ ಕೆಮ್ಮಿದರು. ಆಮೇಲೆ ಬೈಯಲು ಹತ್ತಿದರು. ಎಂಥ ಬೈಗುಳ ಅದು! ಕಾಲುವೆಯಾಚೆಯ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವರು ಸೊಂಟ ನೆಟ್ಟಗೆ ಮಾಡಿ ಕೇಳಿದರಂತೆ. ತೌಡಿನಿಂದ ಹಿಡಿದು ಪ್ರಮಾಣಪತ್ರದ ಚೌಕಟ್ಟಿನವರೆಗೆ ಒಂದನ್ನೂ ಬಿಡಲಿಲ್ಲ.

"ಬೇರೆ ಯಾರೋ ಮಾಡಿದ್ರೆ ಹೋಗ್ಲಿ ಅನ್ಬಹುದು" ಎಂದು ಕೊನೆಗೆ ಗುಡುಗಿದರು. "ಕಾಬಾಸಾವಾ ಮನೆ ಮಗನಾಗಿ, ತೊಕುಜಿ, ನಿನಗೆ ಬಾಯ್ಲರ್ ನೋಡ್ಕೊಳ್ಳೋಕೆ ಬರಲ್ವಾ?"

ತೊಕುಜಿ ಹಣೆಯನ್ನು ನೆಲದಿಂದ ಎತ್ತಲಿಲ್ಲ. ಮುಖ ಮೇಲೆತ್ತಿದ್ದರೆ, ಅಷ್ಟು ಬೈಸಿಕೊಂಡವನ ಬಾಯಿ ಕಿವಿಯವರೆಗೆ ಹರಡಿದ್ದು ಎಲ್ಲರಿಗೂ ಕಾಣಿಸಿಬಿಡುತ್ತಿತ್ತು. ಸುಮಿಯೆಗೆ ಮಾತ್ರ ಗೊತ್ತಾಯಿತು. ಅವಳು ಸೆರಗಿಲ್ಲದ ಊರಿನವಳು, ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು.

ಉಳಿದದ್ದು ಮರುಗಾಣಿಕೆಯ ಸಮಸ್ಯೆ. ರೋಗಿ ವಾಸಿಯಾದರೆ ಏನು ಕೊಡಬೇಕು, ಸತ್ತರೆ ಏನು ಕೊಡಬೇಕು ಎಂದು ಶಾಸ್ತ್ರವಿದೆ. ಗಂಡಾದರೆ ಏನು ಕೊಡಬೇಕೆಂದು ಊರಿನ ಯಾರಿಗೂ ತಿಳಿಯದು. ತೊಮೆ ಅಜ್ಜಿಯನ್ನು ಕೇಳಿದರು. ಅವಳು ಬಹಳ ಹೊತ್ತು ಯೋಚಿಸಿ, ಮನೆಯಲ್ಲಿ ಗಂಡು ಹುಟ್ಟಿದಾಗ ಕೆಂಪು ಕಾಳಿನ ಅನ್ನ ಮಾಡಿ ಹಂಚುವುದು ರೂಢಿ, ಅದನ್ನೇ ಮಾಡಿ ಎಂದಳು. ಸುಮಿಯೆ ದೊಡ್ಡ ಹಬೆಪಾತ್ರೆಯಲ್ಲಿ ಬೇಯಿಸಿ ಮನೆಮನೆಗೆ ಕೊಟ್ಟಳು. ಹಿಮೆಯ ಹೆಸರನ್ನು ತಾರೋ ಎಂಬ ಗಂಡು ಹೆಸರಿಗೆ ಬದಲಾಯಿಸಿದರು. ಮಾಗೊರೋಕು ತನ್ನ ಮನೆಯ ಒಂದು ಹೆಣ್ಣು ಮೀನನ್ನು ತಾರೋಗೆ ಕೊಡಲು ಒಪ್ಪಿದ, ಹಾಗಾಗಿ ಬೀಗತನವೂ ಉಳಿಯಿತು.

ಕಥೆ ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಇವಾಕಿಚಿ ಎಲ್ಲಿ ಕೂತರೂ ಅದನ್ನೇ ಹೇಳತೊಡಗಿದರು. ಮೊದಮೊದಲು ಯಾರಾದರೂ ಕೇಳಿದರೆ ಹೇಳುತ್ತಿದ್ದರು, ಆಮೇಲೆ ಕೇಳದಿದ್ದರೂ. ಹೇಳಿದಷ್ಟೂ ನೀರು ಬಿಸಿಯಾಗುತ್ತ ಹೋಯಿತು. ಒಮ್ಮೆಯಂತೂ ತೊಟ್ಟಿಯಲ್ಲಿ ಮೊಟ್ಟೆ ಬೇಯಿಸಬಹುದಿತ್ತು ಎಂದರು. ಪಕ್ಕದ ಕಣಿವೆಯಿಂದ ಜನ ಪುಟ್ಟ ಟ್ರಕ್ಕುಗಳಲ್ಲಿ ಮೀನು ಹೊತ್ತು ಬಂದರು. ದೊಡ್ಡದಾಗಿ ಬೆಳೆದು ಬೆಲೆ ಬರುವುದು ಹೆಣ್ಣಿಗೆ, ಅವರು ತಂದದ್ದೆಲ್ಲ ಗಂಡು ಮೀನು. "ಡಾಕ್ಟ್ರೇ, ಉಲ್ಟಾ ಮಾಡೋಕೂ ಬರುತ್ತಾ?" ಎಂದು ಮೆಲ್ಲಗೆ ಕೇಳುತ್ತಿದ್ದರು. ಈಗ ಹಾಗೆ ಕರೆಯುವಾಗ ಯಾರೂ ನಗುತ್ತಿರಲಿಲ್ಲ. ತೊಕುಜಿ ಬೆವರೊರೆಸಿಕೊಂಡು ಅವರಿಗೆಲ್ಲ ಚಹಾ ಕೊಟ್ಟು ಕಳಿಸುತ್ತಿದ್ದ.

ಒಂದು ಸಂಜೆ ಊಟಕ್ಕೆ ಕೂತಾಗ ಮಾವ ತಾವೇ ಅವನ ಬಟ್ಟಲಿಗೆ ಸಾಕೆ ಬಗ್ಗಿಸಿದರು. ತೊಕುಜಿ ದಂಗಾಗಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಆವತ್ತು ನೀರು ನಿಜವಾಗ್ಲೂ ಎಷ್ಟು ಬಿಸಿ ಇತ್ತು?"

"ಬೇಸಿಗೆ ಕೊಳಕ್ಕಿಂತ ಒಂಚೂರು ಜಾಸ್ತಿ ಇತ್ತು ಮಾವ. ಅಷ್ಟೇ."

"ಅಷ್ಟೇನಾ" ಎಂದು ಇವಾಕಿಚಿ ಯೋಚನೆಗೆ ಬಿದ್ದರು.

ಮರುದಿನ ಬೆಳಿಗ್ಗೆ ತೊಕುಜಿ ತೌಡಿನ ಉಂಡೆ ಹಿಡಿದು ಮೀನುಮನೆಯ ಬಾಗಿಲು ತೆಗೆದ. ತೆಗೆದವನು ಹೊಸ್ತಿಲಲ್ಲೇ ನಿಂತುಬಿಟ್ಟ. ಬಿಸಿಲು ಬೀಳದ ಕೊರಕಲಿನಲ್ಲಿ ಆ ವರ್ಷದ ಕೊನೆಯ ಹಿಮ ಇನ್ನೂ ಉಳಿದಿತ್ತು. ಅದನ್ನು ಬೆನ್ನಬುಟ್ಟಿಯ ತುಂಬ ಹೊತ್ತು ತಂದ ಮಾವ, ಸೊಂಟ ನೋವನ್ನೂ ಮರೆತು, ಹಿಡಿಹಿಡಿಯಾಗಿ ತಾರೋನ ತೊಟ್ಟಿಗೆ ಸುರಿಯುತ್ತಿದ್ದರು. ಮುಖದಲ್ಲಿ ಹಾಸ್ಯದ ಸುಳಿವೂ ಇರಲಿಲ್ಲ.

"ಏನು ನೋಡ್ತಾ ನಿಂತಿದೀಯ ಡಾಕ್ಟ್ರೇ?" ಎಂದರು ಇವಾಕಿಚಿ, ತಿರುಗಿ ನೋಡದೆ. "ಬಾಗಿಲು ಹಾಕಿ ಬಾ. ಉಪ್ಪು ಎಷ್ಟು ಹಾಕಿದ್ದೆ, ನೆಕ್ಕಿ ಹೇಳು."